ಅಟ್ಟದ ಮೇಲೆ 31,258 ಚೆಂಡು

ತುರುವೇಕೆರೆ ಕಡೆಯ ಒಂದು ಊರು. ಕೆರೆ ಬತ್ತಿ, ಅಂಗಳ ಬಿಸಿಲಿಗೆ ಕಾದು ಹೆಂಚಾಗಿತ್ತು. ಏರಿ ಕೆಳಗಿನ ತೋಟದಿಂದ ಗರಿ ತಂದು ಚಪ್ಪರ ಹಾಕಿದ್ದರು, ಮೈಕು ಕಟ್ಟಿದ್ದರು. ಎಂಟು ಓವರಿನ ಟೆನಿಸ್ ಬಾಲ್ ಟೂರ್ನಿಯ ಫೈನಲ್ಲು. ನಾನು ಬಂದಿದ್ದು ನೆಂಟರ ಮನೆಗೆ, ಸಿಕ್ಕಿಹಾಕಿಕೊಂಡಿದ್ದು ಕೆರೆ ಏರಿ ಮೇಲೆ.

ಆರು ವಿಕೆಟ್ ಬಿದ್ದಾಗಿತ್ತು. ಒಂದು ತುದಿಯಲ್ಲಿ ಹೈಸ್ಕೂಲು ಹುಡುಗ, ಸಣಕಲ. ಚೆಂಡು ಬಂತೆಂದರೆ ಕಾಲು ಮುಂದಿಟ್ಟು, ತಲೆ ಬಗ್ಗಿಸಿ, ತಟ್. ಮತ್ತೊಂದು ಬಂದರೆ ಮತ್ತೆ ತಟ್. ಸಂದು ಸಿಕ್ಕರೆ ಒಂದು ರನ್ನು ಓಡಿ ಆಚೆ ತುದಿಗೆ ಹೋಗಿ ನಿಲ್ಲುತ್ತಿದ್ದ. ‘ಹೊಡಿಯೋ, ಇಲ್ಲಾ ಔಟಾಗೋ!’ ಎಂದು ಏರಿ ಮೇಲಿನಿಂದ ಕೂಗು. ‘ಕುಟ್ತಾ ಕೂತವ್ನಲ್ಲೋ!’ ಎಂದು ಚಪ್ಪರದೊಳಗಿನಿಂದ ಕೂಗು. ಮೈಕಿನವನಂತೂ ಬಿಟ್ಟಾನೆಯೇ? ‘ಏನಪ್ಪಾ ದ್ರಾವಿಡ್ಡು, ಇದು ಐದು ದಿನದ ಮ್ಯಾಚಲ್ಲ ಕಣಪ್ಪೋ!’ ಏರಿಗೆ ಏರಿಯೇ ನಕ್ಕಿತು. ನಾನೂ ನಕ್ಕೆ.

ಆ ತಂಡ ಒಂದೇ ವಿಕೆಟ್ ಉಳಿಸಿಕೊಂಡು ಗೆದ್ದಿತು. ಮೂರು ಸಿಕ್ಸ್ ಎತ್ತಿದವನಿಗೆ ಪಂದ್ಯಶ್ರೇಷ್ಠ ಕಪ್ಪು, ಹಾರ, ಹೆಗಲ ಮೇಲಿನ ಸವಾರಿ. ಹತ್ತೊಂಬತ್ತು ಚೆಂಡು ಆಡಿ ಒಂಬತ್ತು ರನ್ನು ಮಾಡಿ ಔಟಾಗದೆ ಉಳಿದ ಹುಡುಗ ಫೋಟೋದಲ್ಲಿ ಕೊನೇ ಸಾಲಿನ ತುದಿಯಲ್ಲಿ ಅರ್ಧ ಮುಖ ಕಾಣಿಸಿಕೊಂಡು ನಿಂತಿದ್ದ.

ತಿಪಟೂರಿನ ಹತ್ತಿರದ ನಮ್ಮೂರಿಗೆ ವಾಪಸಾಗುವಾಗ ಬಸ್ಸಿನ ಕಿಟಕಿಯಾಚೆ ತೆಂಗು, ತೆಂಗಿನಾಚೆ ತೆಂಗು. ಮೈಕಿನವನ ಮಾತು ಮಾತ್ರ ತಲೆಯಿಂದ ಹೋಗಲಿಲ್ಲ. ಅವನು ಆ ಹೆಸರನ್ನೇ ಯಾಕೆ ತೆಗೆದ? ನಾವೆಲ್ಲ ಟಿ.ವಿ. ಮುಂದೆ ಕೂತು ನೋಡಿದ ಆಟಗಾರ. ರನ್ನೆಷ್ಟು, ಶತಕವೆಷ್ಟು ಎಂದು ಕೇಳಿದರೆ ನಿದ್ದೆಗಣ್ಣಲ್ಲೂ ಹೇಳುತ್ತೇವೆ: 164 ಟೆಸ್ಟ್, 13,288 ರನ್, 36 ಶತಕ, ಸರಾಸರಿ 52.31. ಆ ರಾತ್ರಿ ಮೊಬೈಲಿನಲ್ಲಿ ಅದೇ ಪಟ್ಟಿ ತೆರೆದೆ. ಇಷ್ಟು ವರ್ಷ ಕಣ್ಣು ಹಾರಿಸಿಕೊಂಡು ಹೋಗುತ್ತಿದ್ದ ಒಂದು ಕಾಲಂ ಇತ್ತು. ಎದುರಿಸಿದ ಎಸೆತಗಳು.

31,258!

ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ಮೂವತ್ತೊಂದು ಸಾವಿರದ ಇನ್ನೂರ ಐವತ್ತೆಂಟು. ಟೆಸ್ಟ್ ಕ್ರಿಕೆಟ್ ಶುರುವಾದದ್ದು 1877ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಮೂವತ್ತು ಸಾವಿರ ಚೆಂಡು ದಾಟಿದ ಬ್ಯಾಟ್ಸ್‌ಮನ್ ಒಬ್ಬರೇ ಒಬ್ಬರು, ಬೆಂಗಳೂರಿನ ರಾಹುಲ್ ದ್ರಾವಿಡ್. 200 ಟೆಸ್ಟ್ ಆಡಿದ ಸಚಿನ್ ತೆಂಡೂಲ್ಕರ್ ಕೂಡ ಆ ಗಡಿ ಮುಟ್ಟಲಿಲ್ಲ!

ಐವತ್ತು ಕ್ವಿಂಟಲ್ ಚೆಂಡು

ನಿದ್ದೆ ಎಲ್ಲಿ ಬರಬೇಕು? ಕ್ಯಾಲ್ಕ್ಯುಲೇಟರ್ ಹಿಡಿದು ಕೂತೆ. ಕ್ರೀಸಿನಲ್ಲಿ ನಿಂತ ಹೊತ್ತು 44,152 ನಿಮಿಷ. ಇದೂ ದಾಖಲೆಯೇ. ಅರವತ್ತರಿಂದ ಭಾಗಿಸಿದರೆ 735 ಗಂಟೆ 52 ನಿಮಿಷ. ಹಗಲೂ ರಾತ್ರಿ ಕೂಡಿಸಿ ಬಿಟ್ಟೂಬಿಡದೆ ನಿಂತರೆ 30 ದಿನ, ಅದರ ಮೇಲೆ ಹದಿನಾರು ಗಂಟೆಗೆ ಎಂಟು ನಿಮಿಷ ಕಮ್ಮಿ. ಅಮಾವಾಸ್ಯೆಯ ದಿನ ಬ್ಯಾಟು ಹಿಡಿದು ನಿಂತ ಮನುಷ್ಯ ಮುಂದಿನ ಅಮಾವಾಸ್ಯೆ ಕಳೆದ ಮೇಲೂ ಪ್ಯಾಡು ಬಿಚ್ಚಿಲ್ಲ! ದಿನಕ್ಕೆ ಆರು ಗಂಟೆ ಆಟ ಎಂದಿಟ್ಟುಕೊಂಡರೆ 122 ದಿನ ದಾಟುತ್ತದೆ. ಕೆರೆ ತುಂಬಿ, ಕೋಡಿ ಬಿದ್ದು, ರಾಗಿ ಬಿತ್ತಿ, ಪೈರು ತೆನೆ ಕಟ್ಟುವಷ್ಟು ಕಾಲ.

ಬೆಳಗ್ಗೆ ಎದ್ದಾಗ ಅಪ್ಪ ಅಟ್ಟದಿಂದ ಕಾಯಿ ಇಳಿಸುತ್ತಿದ್ದರು. ‘ಏನ್ಲಾ, ಕಣ್ಣು ಕೆಂಪಗವೆ? ರಾತ್ರಿಯೆಲ್ಲ ಏನ್ ಎಣಿಸ್ತಿದ್ದೆ?’

‘ಚೆಂಡು ಎಣಿಸ್ತಿದ್ದೆ ಕಣಪ್ಪ.’

ನಮ್ಮ ಮನೆಯಲ್ಲಿ ಒಂದು ಹಳೇ ಕ್ರಿಕೆಟ್ ಚೆಂಡು ಬಿದ್ದಿತ್ತು, ತೊಗಲಿನದು. ನಿಯಮದ ಪ್ರಕಾರ ಗಂಡಸರ ಕ್ರಿಕೆಟ್ಟಿನ ಚೆಂಡು 155.9 ಗ್ರಾಂನಿಂದ 163 ಗ್ರಾಂ ಒಳಗಿರಬೇಕು. ಸುಮ್ಮನೆ ಕುತೂಹಲಕ್ಕೆ ತಕ್ಕಡಿಯ ಒಂದು ತಟ್ಟೆಯಲ್ಲಿ ಆ ಚೆಂಡು ಇಟ್ಟೆ. ಇನ್ನೊಂದರಲ್ಲಿ ಆಗತಾನೇ ಚಿಪ್ಪಿನಿಂದ ಬಿಡಿಸಿದ ಒಂದು ದಪ್ಪ ಉಂಡೆ ಕೊಬ್ಬರಿ. ತಟ್ಟೆಗಳು ಒಂದೆರಡು ಸಲ ತೂಗಾಡಿ, ಹೆಚ್ಚೂ ಕಮ್ಮಿ ಸಮಕ್ಕೆ ನಿಂತವು!

ಅಪ್ಪನ ಕಣ್ಣು ಈಗ ಅರಳಿತು. ಅವರಿಗೆ ಕ್ರಿಕೆಟ್ ಅಷ್ಟಕ್ಕಷ್ಟೆ, ತೂಕ ಎಂದರೆ ಜೀವ. ‘ಹಂಗಾರೆ ಆವಯ್ಯ ಆಡಿರೋದು ಎಷ್ಟು ಕ್ವಿಂಟಲ್ಲು?’

ಒಂದಕ್ಕೆ 160 ಗ್ರಾಂ ಹಿಡಿದು ಗುಣಿಸಿದೆ. ಐದು ಸಾವಿರದ ಒಂದು ಕೆ.ಜಿ. ಐವತ್ತು ಕ್ವಿಂಟಲ್!

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯವರಿಗೆ ಐವತ್ತು ಕ್ವಿಂಟಲ್ ಕೊಬ್ಬರಿ ಎಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. ವರ್ಷಕ್ಕೆ ನೂರು ಕಾಯಿ ಬಿಡುವ ಒಳ್ಳೇ ಮರ ಎಂದು ಲೆಕ್ಕ ಹಿಡಿದರೂ ಮುನ್ನೂರು ಮರದ ಮೇಲಿನ ಒಂದು ವರ್ಷದ ಫಸಲು. ಎ.ಪಿ.ಎಂ.ಸಿ. ಅಂಗಳದಲ್ಲಿ ಚೀಲ ಚೀಲ ಸುರಿದರೆ ಎದೆಯೆತ್ತರದ ರಾಶಿ. ಆ ರಾಶಿಯಲ್ಲಿನ ಒಂದೊಂದು ಉಂಡೆಯೂ ಒಂದೊಂದು ಚೆಂಡು. ಯಾವುದೋ ಗ್ಲೆನ್ ಮೆಗ್ರಾ, ಯಾವುದೋ ಶೋಯೆಬ್ ಅಖ್ತರ್, ಯಾವುದೋ ಮುತ್ತಯ್ಯ ಮುರಳೀಧರನ್ ಎಸೆದದ್ದು. ಅಷ್ಟನ್ನೂ ಒಬ್ಬನೇ ಮನುಷ್ಯ ಒಂದೊಂದಾಗಿ ನೋಡಿ, ತಟ್ಟಿ, ಬಿಟ್ಟು, ಹೊಡೆದು ಪಕ್ಕಕ್ಕಿಟ್ಟಿದ್ದಾನೆ!

ರನ್ನಿಲ್ಲದ 23,037

ನಿಜವಾದ ಬೆರಗು ಇನ್ನೂ ಮುಂದಿತ್ತು. ದ್ರಾವಿಡ್ ಟೆಸ್ಟಿನಲ್ಲಿ ಹೊಡೆದ ಬೌಂಡರಿ 1,654, ಸಿಕ್ಸರ್ 21. ಇವೆರಡರಿಂದಲೇ ಬಂದ ರನ್ನು 6,742. ಒಟ್ಟು ರನ್ನಿನಲ್ಲಿ ಇದನ್ನು ಕಳೆದರೆ ಉಳಿಯುವುದು 6,546. ಈ ಉಳಿದ ರನ್ನುಗಳೆಲ್ಲ ಒಂದೊಂದಾಗಿಯೇ ಬಂದವು, ಎರಡು ಮೂರು ಓಡಿದ್ದೇ ಇಲ್ಲ ಎಂದು ಅತಿ ಉದಾರವಾಗಿ ಲೆಕ್ಕ ಹಾಕಿ. ಆಗಲೂ ರನ್ನು ಬಂದ ಎಸೆತಗಳು 8,221 ದಾಟುವುದಿಲ್ಲ.

ಉಳಿದದ್ದು? ಕನಿಷ್ಠ 23,037 ಎಸೆತ. ಅವುಗಳಿಂದ ಅವರ ಲೆಕ್ಕಕ್ಕೆ ಒಂದು ರನ್ನೂ ಬರಲಿಲ್ಲ!

ನಾಲ್ಕು ಚೆಂಡಿಗೆ ಹತ್ತಿರತ್ತಿರ ಮೂರು. ಜಗತ್ತು ನೆನಪಿಟ್ಟುಕೊಂಡಿರುವ 36 ಶತಕ, ಹದಿಮೂರು ಸಾವಿರ ರನ್ನು ಎಲ್ಲ ಹುಟ್ಟಿದ್ದು ಆ ರಾಶಿಯ ಕಾಲು ಭಾಗದಲ್ಲಿ. ಮುಕ್ಕಾಲು ಭಾಗ ಬರೀ ತಟ್, ತಟ್, ತಟ್. ಟಿ.ವಿ.ಯಲ್ಲಿ ಮತ್ತೆ ತೋರಿಸದ, ಪೇಪರಿನಲ್ಲಿ ಫೋಟೋ ಬಾರದ ಚೆಂಡುಗಳು.

ನಾನು ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಅಪ್ಪ ಅಟ್ಟದ ಕಡೆ ಕೈ ತೋರಿಸಿ ಅಂದರು: ‘ಅಲ್ಲಿರೋ ಕಾಯಿ ಏನ್ ಮಾಡ್ತವೆ? ಸುಮ್ಕೆ ಬಿದ್ದವೆ ಅಂದ್ಕಂಡಿದ್ದೀಯ?’

ಅಟ್ಟದೊಳಗಿನ ಹತ್ತು ತಿಂಗಳು

ನಮ್ಮ ಸೀಮೆಯವರಲ್ಲದ ಓದುಗರಿಗಾಗಿ ಎರಡು ಮಾತು. ಎಣ್ಣೆ ಗಾಣಕ್ಕೆ ಹೋಗುವ ಬಟ್ಟಲು ಕೊಬ್ಬರಿಯನ್ನು ಕಾಯಿ ಒಡೆದು ಬಿಸಿಲಿಗೋ ಶಾಖಕ್ಕೋ ಒಡ್ಡಿ ಕೆಲವೇ ದಿನದಲ್ಲಿ ಮಾಡಿಬಿಡಬಹುದು. ತಿಪಟೂರಿನ ಉಂಡೆ ಕೊಬ್ಬರಿಗೆ ಆ ಅವಸರ ನಡೆಯುವುದಿಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ತುಂಬುತ್ತೇವೆ. ಹತ್ತು ತಿಂಗಳು, ಕೆಲವೊಮ್ಮೆ ಹನ್ನೊಂದು. ಹೊರಗಿನಿಂದ ನೋಡಿದರೆ ಇವತ್ತಿಗೂ ನಾಳೆಗೂ ಏನೂ ವ್ಯತ್ಯಾಸವಿಲ್ಲ. ಒಳಗೆ ಮಾತ್ರ ನೀರು ದಿನಾ ಒಂದಿಷ್ಟು ಇಂಗುತ್ತಿರುತ್ತದೆ. ತಿರುಳು ಒಣಗಿ ಕುಗ್ಗುತ್ತ, ಚಿಪ್ಪಿನಿಂದ ಕೂದಲೆಳೆಯಷ್ಟು ಬಿಡುತ್ತ, ಕೊನೆಗೊಂದು ದಿನ ಪೂರ್ತಿ ಕಳಚಿಕೊಳ್ಳುತ್ತದೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗುಡುಗುಡು ಸದ್ದು. ಆ ಸದ್ದು ಬರುವ ಮುಂಚೆ ಒಡೆದರೆ ಚಿಪ್ಪಿಗೆ ಅಂಟಿದ ತಿರುಳು ಹೋಳಾಗಿ ಬರುತ್ತದೆ. ನೆನೆದರೆ ಕೌಟು. ಅವಸರ ಮಾಡಿದವನಿಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ.

ಒಡೆಯುವುದಾದರೂ ಹೇಗೆ? ಸಿಪ್ಪೆ ಸುಲಿದ ಕಾಯಿಯನ್ನು ಎಡಗೈಯಲ್ಲಿ ಹಿಡಿದು ಮಚ್ಚಿನಲ್ಲಿ ಸುತ್ತಲೂ ಹದವಾದ ಪೆಟ್ಟು. ಮಣಿಕಟ್ಟಿನಲ್ಲಿ ಬಿಗಿಯಿರಬಾರದು. ಜೋರಾದರೆ ಉಂಡೆಗೆ ಗಾಯ, ಮೆಲ್ಲಗಾದರೆ ಚಿಪ್ಪು ಬಿಡುವುದಿಲ್ಲ. ನಾಲ್ಕೈದು ಪೆಟ್ಟಿಗೆ ಚಿಪ್ಪು ಕಳಚಿ ಕಂದು ಬಣ್ಣದ ನುಣುಪು ಉಂಡೆ ಅಂಗೈಗೆ ಬಂದು ಕೂರುತ್ತದೆ.

ಅಪ್ಪನ ಆ ಮಣಿಕಟ್ಟು ನೋಡುತ್ತ ಕೂತಿದ್ದಾಗ ಮೈ ಜುಂ ಎಂದಿತು. ಈ ಕೈಯನ್ನು ನಾನು ಎಲ್ಲೋ ನೋಡಿದ್ದೇನೆ! ದ್ರಾವಿಡ್ ಅವರ ಮುಂಗಾಲಿನ ರಕ್ಷಣೆಯನ್ನು ನಿಧಾನಗತಿಯಲ್ಲಿ ಒಮ್ಮೆ ನೋಡಿ. ಎಡಗಾಲು ಚೆಂಡು ಬೀಳುವ ಜಾಗದ ಹತ್ತಿರಕ್ಕೆ ಹೋಗುತ್ತದೆ. ತಲೆ ಚೆಂಡಿನ ನೇರಕ್ಕೆ ಬಾಗುತ್ತದೆ, ಕಣ್ಣು ಕೆಳಗೆ. ಬ್ಯಾಟೂ ಪ್ಯಾಡೂ ಅಕ್ಕಪಕ್ಕ, ನಡುವೆ ಚೆಂಡು ನುಸುಳುವಷ್ಟು ಸಂದಿಲ್ಲ. ಕೆಳಗೈಯ ಹಿಡಿತ ಸಡಿಲ. ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ಬಂದ ಚೆಂಡು ಬ್ಯಾಟಿಗೆ ತಾಗಿ, ಇದ್ದ ಕಸುವನ್ನೆಲ್ಲ ಅಲ್ಲೇ ಬಿಟ್ಟು, ಕಾಲ ಬುಡದಲ್ಲಿ ಸತ್ತು ಬೀಳುತ್ತದೆ. ಸ್ಲಿಪ್ಪಿನಲ್ಲಿ ಬಾಯಿ ತೆರೆದು ಕಾದವರಿಗೆ ಏನೂ ಸಿಗುವುದಿಲ್ಲ. ಬೌಲರ್ ಸೊಂಟದ ಮೇಲೆ ಕೈಯಿಟ್ಟು ಒಂದು ಗಳಿಗೆ ನೋಡಿ ಹಿಂದಿರುಗುತ್ತಾನೆ. ಇದು 31,258ರಲ್ಲಿ ಒಂದು.

ತೆಂಗಿಗೂ ಕ್ರಿಕೆಟ್ಟಿಗೂ ಇನ್ನೊಂದು ನಂಟೂ ಸಿಕ್ಕಿತು. ಹುಲ್ಲಿನ ಪಿಚ್ ಮಾಡಿ ಕಾಪಾಡುವುದು ದುಬಾರಿಯಾಗಿದ್ದ ಕಾಲದಲ್ಲಿ ನಮ್ಮ ದೇಶದ ಎಷ್ಟೋ ಮೈದಾನಗಳಲ್ಲಿ ಆಡುತ್ತಿದ್ದದ್ದು ಮ್ಯಾಟಿಂಗ್ ಮೇಲೆ. ಮ್ಯಾಟಿಂಗ್ ಎಂದರೆ ಸೆಣಬಿನದು, ಇಲ್ಲವೇ ತೆಂಗಿನ ನಾರಿನ ಚಾಪೆ! ನಮ್ಮ ತಾಲ್ಲೂಕುಗಳ ನಾರಿನ ಕಾರ್ಖಾನೆಗಳಲ್ಲಿ ಸಿಪ್ಪೆ ಬಡಿದು ತೆಗೆಯುತ್ತಾರಲ್ಲ, ಅದೇ ನಾರು. ದ್ರಾವಿಡ್ ಬೆಳೆದ ಕಾಲದ ಬೆಂಗಳೂರಿನ ಶಾಲಾ ಕ್ರಿಕೆಟ್ಟೂ ಬಹುಪಾಲು ಮ್ಯಾಟಿಂಗ್ ಮೇಲಿನದೇ. ಚಾಪೆಯ ಮೇಲೆ ಚೆಂಡು ಪುಟಿದೇಳುತ್ತದೆ. ಕೊನೇ ಗಳಿಗೆಯವರೆಗೆ ಕಾದು ನೋಡಿ ಆಡದವನಿಗೆ ಅಲ್ಲಿ ಉಳಿಗಾಲವಿಲ್ಲ.

ಲಾರ್ಡ್ಸ್‌ನಿಂದ ಲಾರ್ಡ್ಸ್‌ಗೆ 15 ವರ್ಷ

ದ್ರಾವಿಡ್ ಅವರದ್ದು ಇಂದೋರಿನಲ್ಲಿ 1973ರ ಜನವರಿ 11ರಂದು ಹುಟ್ಟು. ಮನೆಮಾತು ಮರಾಠಿ, ಬೆಳೆದದ್ದು ಬೆಂಗಳೂರು, ಓದಿದ್ದು ಸೇಂಟ್ ಜೋಸೆಫ್ಸ್ ಹುಡುಗರ ಶಾಲೆ. ತಂದೆ ಶರದ್ ದ್ರಾವಿಡ್ ಜಾಮ್ ತಯಾರಿಸುವ ಕಿಸಾನ್ ಕಂಪನಿಯಲ್ಲಿದ್ದರು. ಅದಕ್ಕೇ ಗೆಳೆಯರ ಬಾಯಲ್ಲಿ ಮಗ ‘ಜ್ಯಾಮಿ’. ತಾಯಿ ಪುಷ್ಪಾ ವಾಸ್ತುಶಿಲ್ಪದ ಪ್ರಾಧ್ಯಾಪಕಿ. ಬೇಸಿಗೆ ಶಿಬಿರದಲ್ಲಿ ತಿದ್ದಿದವರು ಕೇಕಿ ತಾರಾಪೋರ್. 1991ರಲ್ಲಿ ಪುಣೆಯಲ್ಲಿ ಮಹಾರಾಷ್ಟ್ರದ ವಿರುದ್ಧ ಮೊದಲ ರಣಜಿ ಪಂದ್ಯ, 82 ರನ್. ಅಲ್ಲಿಂದ ಭಾರತದ ಟೆಸ್ಟ್ ಟೋಪಿಗೆ ಐದು ವರ್ಷ ಕಾಯಬೇಕಾಯಿತು. ಅಟ್ಟ ಅಲ್ಲಿಂದಲೇ ಶುರು!

1996ರ ಜೂನ್, ಲಾರ್ಡ್ಸ್. ಗಾಯಗೊಂಡ ಸಂಜಯ್ ಮಂಜ್ರೇಕರ್ ಜಾಗಕ್ಕೆ ಬಂದ ಹುಡುಗ, ಏಳನೇ ಕ್ರಮಾಂಕ. 267 ಚೆಂಡು ಎದುರಿಸಿ 95ಕ್ಕೆ ಔಟ್. ಅದೇ ಪಂದ್ಯದಲ್ಲಿ ಸೌರವ್ ಗಂಗೂಲಿ ಕೂಡ ಮೊದಲ ಟೆಸ್ಟ್ ಆಡಿ 131 ಹೊಡೆದರು. ಶತಕ ಬಾರಿಸಿದವರ ಹೆಸರು ಬರೆಯುವ ಲಾರ್ಡ್ಸ್ ಫಲಕಕ್ಕೆ ಒಬ್ಬರು ಏರಿದರು, ಇನ್ನೊಬ್ಬರು ಐದು ರನ್ನಿನಿಂದ ತಪ್ಪಿಸಿಕೊಂಡರು. ಆ ಐದು ರನ್ನಿನ ಬಾಕಿ ತೀರಿದ್ದು ಯಾವಾಗ ಗೊತ್ತೇ? 2011ರ ಜುಲೈನಲ್ಲಿ. ಅದೇ ಮೈದಾನ, ಅಜೇಯ 103. ಹದಿನೈದು ವರ್ಷದ ಕೊಬ್ಬರಿ!

ನಡುವಿನ ಹದಿನೈದು ವರ್ಷದ ರಾಶಿಯಿಂದ ಒಂದೊಂದು ಉಂಡೆ ತೆಗೆದು ನೋಡೋಣ.

2001ರ ಮಾರ್ಚ್, ಕೋಲ್ಕತ್ತ. ಸತತ ಹದಿನಾರು ಟೆಸ್ಟ್ ಗೆದ್ದು ಬಂದಿದ್ದ ಆಸ್ಟ್ರೇಲಿಯಾ 445 ಹೊಡೆಯಿತು, ಭಾರತ 171ಕ್ಕೆ ಮುಗಿಯಿತು. ಫಾಲೋಆನ್. ದ್ರಾವಿಡ್‌ಗೆ ಆಟ ಕೈಕೊಟ್ಟ ದಿನಗಳವು, ಮೂರನೇ ಕ್ರಮಾಂಕದಿಂದ ಆರಕ್ಕೆ ಇಳಿಸಿದ್ದರು, ಮೈಯಲ್ಲಿ ಜ್ವರ ಬೇರೆ. ಮೂರನೇ ದಿನದ ಕೊನೆಗೆ ಲೆಕ್ಕದಲ್ಲಿದ್ದದ್ದು ಏಳು ರನ್. ನಾಲ್ಕನೇ ದಿನ ಬೆಳಗ್ಗೆ ವಿ.ವಿ.ಎಸ್. ಲಕ್ಷ್ಮಣ್ ಜೊತೆ ಒಳಗೆ ಹೋದವರು ಸಂಜೆ ಒಟ್ಟಿಗೇ ವಾಪಸು ಬಂದರು. ಇಡೀ ದಿನ ಒಂದು ವಿಕೆಟ್ಟಿಲ್ಲ, ಬಂದದ್ದು 335 ರನ್! ಜೊತೆಯಾಟ 376. ಲಕ್ಷ್ಮಣ್ 281, ದ್ರಾವಿಡ್ 180. ಐದನೇ ದಿನ ಹರ್ಭಜನ್ ಕೈಚಳಕ. ಭಾರತಕ್ಕೆ 171 ರನ್ನಿನ ಗೆಲುವು. ಮೊದಲ ಸರದಿಯಲ್ಲಿ ಮಾನ ಕಳೆದ ಅದೇ 171!

2002ರ ಲೀಡ್ಸ್. ಹಸಿರು ಪಿಚ್, ಮೋಡದ ಆಕಾಶ. ಟಾಸ್ ಗೆದ್ದು ಗಂಗೂಲಿ ಬ್ಯಾಟಿಂಗ್ ಆರಿಸಿಕೊಂಡಾಗ ಎಲ್ಲರೂ ತಲೆ ಮೇಲೆ ಕೈಯಿಟ್ಟುಕೊಂಡರು. ದ್ರಾವಿಡ್ ಮತ್ತು ಸಂಜಯ್ ಬಂಗಾರ್ 170 ರನ್ ಜೊತೆಯಾಟ ಕಟ್ಟಿದರು. ದ್ರಾವಿಡ್ 148, ಭಾರತಕ್ಕೆ ಇನಿಂಗ್ಸ್ ಗೆಲುವು. ಆ ವರ್ಷ ಸತತ ನಾಲ್ಕು ಇನಿಂಗ್ಸಿನಲ್ಲಿ ನಾಲ್ಕು ಶತಕ: 115, 148, 217, ಅಜೇಯ 100.

2003ರ ಡಿಸೆಂಬರ್, ಅಡಿಲೇಡ್. ಆಸ್ಟ್ರೇಲಿಯಾ 556. ಭಾರತ 85ಕ್ಕೆ 4. ಮತ್ತೆ ಅದೇ ಲಕ್ಷ್ಮಣ್, ಮತ್ತೆ ಅದೇ ದ್ರಾವಿಡ್, 303 ರನ್! ದ್ರಾವಿಡ್ ನೂರು ಮುಟ್ಟಿದ್ದು, ನಂಬುತ್ತೀರೋ ಇಲ್ಲವೋ, ಗಿಲೆಸ್ಪಿಗೆ ಹೊಡೆದ ಸಿಕ್ಸರಿನಿಂದ. ಇಡೀ ಟೆಸ್ಟ್ ಬದುಕಿನ 21ರಲ್ಲಿ ಒಂದು. ಮೊದಲ ಇನಿಂಗ್ಸ್ 233, ಎರಡನೆಯದರಲ್ಲಿ ಅಜೇಯ 72. ಎರಡೂ ಸೇರಿ 835 ನಿಮಿಷ ಕ್ರೀಸಿನಲ್ಲಿ. ಕೊನೇ ಹೊಡೆತ ಮೆಕ್‌ಗಿಲ್ ಎಸೆದ ಚೆಂಡಿಗೆ ಕಟ್. ಬೌಂಡರಿ ಗೆರೆಯಾಚೆ ಹೋದ ಆ ಚೆಂಡನ್ನು ಎದುರಾಳಿ ನಾಯಕ ಸ್ಟೀವ್ ವಾ ತಾವೇ ಹೆಕ್ಕಿ ತಂದು ಗೆದ್ದವನ ಕೈಗಿತ್ತರು. ಆಸ್ಟ್ರೇಲಿಯಾ ನೆಲದಲ್ಲಿ ಭಾರತ ಟೆಸ್ಟ್ ಗೆದ್ದು ಇಪ್ಪತ್ತು ವರ್ಷದ ಮೇಲಾಗಿತ್ತು.

ನಾಲ್ಕು ತಿಂಗಳಿಗೆ ರಾವಲ್ಪಿಂಡಿ. 495 ಚೆಂಡು, 740 ನಿಮಿಷ, 270 ರನ್. ಪಾಕಿಸ್ತಾನದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಸರಣಿ ಜಯ. ಹನ್ನೆರಡು ಗಂಟೆ ಇಪ್ಪತ್ತು ನಿಮಿಷ ಕಲ್ಲಿನಂತೆ ನಿಂತ ಮನುಷ್ಯ ಕೊನೆಗೆ ಔಟಾದದ್ದು ಹೇಗೆ? ಇಮ್ರಾನ್ ಫರ್ಹತ್‌ಗೆ ರಿವರ್ಸ್ ಸ್ವೀಪ್ ಹೊಡೆಯಲು ಹೋಗಿ ಬೌಲ್ಡ್! ನಗು ಬರುತ್ತದಲ್ಲವೇ?

2006ರ ಕಿಂಗ್ಸ್‌ಟನ್. ಚೆಂಡು ಒಮ್ಮೆ ಮೊಣಕಾಲಿಗೆ, ಒಮ್ಮೆ ಮುಖಕ್ಕೆ ಬರುವ ಪಿಚ್. ಭಾರತದ ಎರಡು ಇನಿಂಗ್ಸ್ 200 ಮತ್ತು 171. ಅದರಲ್ಲಿ ನಾಯಕ ದ್ರಾವಿಡ್ ಅವರದ್ದು 81 ಮತ್ತು 68. ಗೆದ್ದದ್ದು 49 ರನ್ನಿನಿಂದ. ವೆಸ್ಟ್ ಇಂಡೀಸ್‌ನಲ್ಲಿ ಸರಣಿ ಗೆದ್ದು 35 ವರ್ಷವಾಗಿತ್ತು.

ನನಗೆ ಇವೆಲ್ಲಕ್ಕಿಂತ ಪ್ರಿಯವಾದ ಉಂಡೆ ಸಿಡ್ನಿಯದು, 2008ರ ಜನವರಿಯದು. ದ್ರಾವಿಡ್ ಸ್ಕೋರು 18ರಲ್ಲಿ ನಿಂತುಬಿಟ್ಟಿತು. ಹತ್ತು ಚೆಂಡು ಹೋಯಿತು, ಇಪ್ಪತ್ತು ಹೋಯಿತು, ಮೂವತ್ತು. ಆಚೆ ತುದಿಯಲ್ಲಿ ಲಕ್ಷ್ಮಣ್ ನೀರು ಕುಡಿದಂತೆ ಬೌಂಡರಿ ಹೊಡೆಯುತ್ತಿದ್ದರು. ನಲವತ್ತು ಚೆಂಡು ಹಾಗೇ ಕಳೆದ ಮೇಲೆ ಒಂದು ರನ್ ಬಂತು, 19. ಇಡೀ ಸಿಡ್ನಿ ಮೈದಾನ ಗೇಲಿ ಮಾಡುತ್ತ ಎದ್ದು ಚಪ್ಪಾಳೆ ತಟ್ಟಿತು. ದ್ರಾವಿಡ್ ಏನು ಮಾಡಿದರು? ಶತಕ ಹೊಡೆದವರಂತೆ ಬ್ಯಾಟೆತ್ತಿ ವಂದಿಸಿದರು! ಆಮೇಲೆ 53ರವರೆಗೆ ಹೋದರು. ಕೆರೆ ಅಂಗಳದಲ್ಲಿ ಆ ಹುಡುಗನಿಗೆ ಬಿದ್ದ ಕೂಗು ಜಗತ್ತಿನ ದೊಡ್ಡ ಮೈದಾನದಲ್ಲಿ ಇವರಿಗೂ ಬಿದ್ದಿತ್ತು.

ಕರೆದ ಕೆಲಸಕ್ಕೆಲ್ಲ

ಊರಿನ ಮದುವೆಯಲ್ಲಿ ಒಬ್ಬ ಇರುತ್ತಾನೆ. ಚಪ್ಪರ ಹಾಕಬೇಕಾದರೂ ಅವನೇ, ಬಡಿಸಲು ಜನ ಕಮ್ಮಿಯಾದರೂ ಅವನೇ, ರಾತ್ರಿ ಪಾತ್ರೆ ಲೆಕ್ಕ ಒಪ್ಪಿಸುವುದೂ ಅವನೇ. ಭಾರತ ತಂಡದಲ್ಲಿ ಆ ಕೆಲಸ ದ್ರಾವಿಡ್ ಪಾಲಿನದು. ಏಳನೇ ಕ್ರಮಾಂಕ, ಆರು, ಮೂರು, ಆರಂಭಿಕ, ಎಲ್ಲಿ ಹೇಳಿದರೆ ಅಲ್ಲಿ. ಒಬ್ಬ ಬ್ಯಾಟ್ಸ್‌ಮನ್ ಹೆಚ್ಚಿಗೆ ಬೇಕೆಂದಾಗ 73 ಏಕದಿನ ಪಂದ್ಯಗಳಲ್ಲಿ ವಿಕೆಟ್ ಹಿಂದೆ ಕೂತೆದ್ದರು. ಟೆಸ್ಟಿನಲ್ಲಿ ಫೀಲ್ಡರ್ ಆಗಿ 210 ಕ್ಯಾಚ್, ಬಹುಪಾಲು ಸ್ಲಿಪ್ಪಿನಲ್ಲಿ. ಆ ದಾಖಲೆಯನ್ನು 2025ರಲ್ಲಿ ಜೋ ರೂಟ್ ಮುರಿದರು, ಅದೂ ಲಾರ್ಡ್ಸ್‌ನಲ್ಲೇ, ಅದೂ ನಮ್ಮ ಕರ್ನಾಟಕದ ಕರುಣ್ ನಾಯರ್ ಕ್ಯಾಚ್ ಹಿಡಿದು!

ಜೊತೆಗಾರನಾಗಿ ಕೂಡ ನೋಡಿ. ನೂರು ರನ್ ದಾಟಿದ 88 ಜೊತೆಯಾಟಗಳಲ್ಲಿ ಒಂದು ತುದಿ ಇವರದ್ದು. ಸಚಿನ್ ಜೊತೆಗೇ 6,920 ರನ್. ಆಚೆ ತುದಿಯವನು ಹಾರ ಹಾಕಿಸಿಕೊಂಡ, ಈಚೆ ತುದಿಯವನು ಫೋಟೋದ ಅಂಚಿನಲ್ಲಿ ನಿಂತ.

ಇನ್ನೊಂದು ಲೆಕ್ಕ ಕೇಳಿದರೆ ಬೆಚ್ಚಿಬೀಳುತ್ತೀರಿ. ‘ಗೋಡೆ’ ಎಂದು ನಾವೆಲ್ಲ ಕರೆದೆವಲ್ಲ, ಆ ಗೋಡೆ ಟೆಸ್ಟಿನಲ್ಲಿ ಬೌಲ್ಡ್ ಆದದ್ದು 55 ಸಲ! ನಿವೃತ್ತಿಯ ಹೊತ್ತಿಗೆ ಅದೂ ಒಂದು ದಾಖಲೆ. ಮೊದಲು ನನಗೆ ಕಸಿವಿಸಿಯಾಯಿತು. ಅಪ್ಪ ಮಾತ್ರ ನಕ್ಕು, ‘ಅಟ್ಟದಲ್ಲಿ ಜಾಸ್ತಿ ಕಾಯಿ ಇಟ್ಟೋನ್ಗೇ ಜಾಸ್ತಿ ಇಲಿ ಕಾಟ’ ಅಂದರು. 254 ಸಲ ಔಟಾದ ಮನುಷ್ಯ. ಪ್ರತಿ ಸಲ ಔಟ್ ಮಾಡಲು ಬೌಲರುಗಳು ಸರಾಸರಿ 123 ಚೆಂಡು ಸವೆಸಬೇಕಾಯಿತು.

2011ರ ಇಂಗ್ಲೆಂಡ್ ಪ್ರವಾಸದಲ್ಲಿ ಭಾರತ ನಾಲ್ಕಕ್ಕೆ ನಾಲ್ಕೂ ಸೋತಿತು. ಆ ಸರಣಿಯಲ್ಲಿ ದ್ರಾವಿಡ್ ಅವರದ್ದು 461 ರನ್, ಮೂರು ಶತಕ. ಉಳಿದ ಭಾರತೀಯರೆಲ್ಲ ಸೇರಿ ಒಂದು ಶತಕವೂ ಇಲ್ಲ. ಓವಲ್‌ನಲ್ಲಿ ಆರಂಭಿಕನಾಗಿ ಹೋಗಿ ಕೊನೆಯವರೆಗೂ ಔಟಾಗದೆ 146. ತಂಡ ಆಲೌಟ್, ಫಾಲೋಆನ್. ಕೆಲವೇ ನಿಮಿಷದಲ್ಲಿ ಅದೇ ಮೂವತ್ತೆಂಟರ ಮನುಷ್ಯ ಮತ್ತೆ ಪ್ಯಾಡು ಬಿಗಿದು ಇನಿಂಗ್ಸ್ ಆರಂಭಿಸಲು ಹೊರಟಿದ್ದರು!

ಆಮೇಲೆ ಆಸ್ಟ್ರೇಲಿಯಾ ಪ್ರವಾಸ. ಬ್ಯಾಟಿಗೂ ಪ್ಯಾಡಿಗೂ ನಡುವೆ ಸಂದು ಕಾಣತೊಡಗಿತು, ಸ್ಟಂಪು ಪದೇ ಪದೇ ಉರುಳಿತು. ಕಾಯಿ ಅಲ್ಲಾಡಿಸಿದಾಗ ಬರುವ ಸದ್ದನ್ನು ಯಾರೂ ಹೇಳುವ ಮುಂಚೆ ತಾವೇ ಕೇಳಿಸಿಕೊಂಡರು. 2012ರ ಮಾರ್ಚ್ 9ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪತ್ರಕರ್ತರನ್ನು ಕರೆದು ವಿದಾಯ ಹೇಳಿದರು. ಬೀಳ್ಕೊಡುಗೆ ಪಂದ್ಯ ಬೇಕೆನ್ನಲಿಲ್ಲ. ಮುಂದೆ ಬೆಂಗಳೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಡಲು ಬಂದಾಗ, ಸಂಶೋಧನೆ ಮಾಡಿಯೇ ಪಡೆಯುತ್ತೇನೆ ಎಂದು ನಯವಾಗಿ ಒಲ್ಲೆನೆಂದರು.

ಅಟ್ಟದಲ್ಲಿ ಒಂದು ಉಂಡೆ ಮಾತ್ರ ಉಳಿದಿತ್ತು. ಅವರು ನಾಯಕರಾಗಿದ್ದ 2007ರ ವಿಶ್ವಕಪ್, ವೆಸ್ಟ್ ಇಂಡೀಸ್‌ನಲ್ಲಿ, ಮೊದಲ ಸುತ್ತಿನಲ್ಲೇ ಭಾರತ ಮನೆಗೆ ಬಂದಿತ್ತು. ಹದಿನೇಳು ವರ್ಷದ ಮೇಲೆ, 2024ರ ಜೂನ್ 29ರಂದು, ಅದೇ ಕೆರಿಬಿಯನ್ನಿನ ಬ್ರಿಜ್‌ಟೌನ್‌ನಲ್ಲಿ ಭಾರತ ಟಿ20 ವಿಶ್ವಕಪ್ ಗೆದ್ದಾಗ ಕೋಚ್ ದ್ರಾವಿಡ್. ಕಪ್ಪು ಕೈಗೆ ಬಂದ ಕೂಡಲೇ, ಜೀವಮಾನವಿಡೀ ಸದ್ದು ಮಾಡದ ಮನುಷ್ಯ ಆಕಾಶಕ್ಕೆ ಮುಖ ಮಾಡಿ ಗರ್ಜಿಸಿದ್ದನ್ನು ನೀವೂ ನೋಡಿದ್ದೀರಿ.

ಟೂರ್ನಿ ನಡೆಸುವವರಿಗೆ ಒಂದು ಮಾತು

ನಮ್ಮ ಮೂರು ತಾಲ್ಲೂಕುಗಳಲ್ಲಿ ಬೇಸಿಗೆ ಬಂದರೆ ಕೆರೆ ಕೆರೆಯಲ್ಲೂ ಟೂರ್ನಿ. ಹೆಚ್ಚು ಸಿಕ್ಸ್ ಹೊಡೆದವನಿಗೆ ಬಹುಮಾನ, ಹೆಚ್ಚು ವಿಕೆಟ್ ತೆಗೆದವನಿಗೆ ಬಹುಮಾನ. ಕೊಡಿ, ಬೇಡವೆನ್ನುವುದಿಲ್ಲ. ಅದರ ಜೊತೆಗೆ ಈ ವರ್ಷದಿಂದ ಇನ್ನೊಂದು ಸೇರಿಸಿ. ಇಡೀ ಟೂರ್ನಿಯಲ್ಲಿ ಅತಿ ಹೆಚ್ಚು ಚೆಂಡು ಎದುರಿಸಿದವನಿಗೆ ಒಂದು ಚೀಲ ಉಂಡೆ ಕೊಬ್ಬರಿ. ಸ್ಕೋರು ಬರೆಯುವವರು ರನ್ನಿನ ಪಕ್ಕದಲ್ಲಿ ಎಸೆತದ ಲೆಕ್ಕವನ್ನೂ ಬರೆದರೆ ಸಾಕು, ಹೆಚ್ಚಿನ ಖರ್ಚೇನಿಲ್ಲ. ಮೊದಲ ಚೀಲ ನಮ್ಮ ಅಟ್ಟದಿಂದಲೇ ಬರುತ್ತದೆ, ಅಪ್ಪ ಒಪ್ಪಿದ್ದಾರೆ.